ಲೋಟದ ಸದ್ದು ಕೇಳುವಷ್ಟು ದೂರ

ಫೆಬ್ರವರಿ 9, ಮಧ್ಯಾಹ್ನ

ಇವತ್ತು ಹುಡುಕಬೇಕಾಗಿದ್ದು: ಯಾರೂ ಒರೆಸದ ಕನ್ನಡಿ. ಗೋಡೆ ಕಡೆ ಮುಖ ಮಾಡಿ ಮಲಗಿಕೊಂಡೇ ಹೇಳಿದರು ಅತ್ತಿಗೆ.

ಸಲೂನಿಗೆ ಹೋದೆ. ಅಲ್ಲಿ ಎಲ್ಲ ಫಳಫಳ. ಕೊನೆಗೆ ಮೂಲೆಮನೆ ಮುಂದೆ ಸಿಕ್ಕಿತು. ಓಡದ ಸ್ಕೂಟರು, ಅದರ ಎಡಗಡೆ ಕನ್ನಡಿ, ಮೇಲೆ ಕಾಗೆ ಹಿಕ್ಕೆ. ಫೋಟೋ ಹೊಡೆದು ಓಡಿ ಬಂದೆ. ಫೋನ್ ಇಸಕೊಂಡು ನೋಡಿದರು.

"ಇದರೊಳಗೆ ನಿನ್ನ ಮೂತಿ ಕಾಣ್ತಿದೆ. ಅದಕ್ಕೇ ಯಾರೂ ಒರೆಸೋಕೆ ಹೋಗಿಲ್ಲ."

ಆಸ್ಪತ್ರೆಯಿಂದ ಬಂದ ಮೇಲೆ ಮೊದಲನೇ ಜೋಕು. ಅವರು ನಗಲಿಲ್ಲ. ನಾನೂ ನಗಲಿಲ್ಲ. ನಕ್ಕರೆ ಮತ್ತೆ ಮಾತು ನಿಂತುಹೋದರೆ ಅಂತ ಭಯ.

ಎಂಟು ತಿಂಗಳು ತುಂಬಿತ್ತು. ಹೆಣ್ಣು. ಹುಟ್ಟುವಾಗಲೇ ಉಸಿರಿರಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಅಣ್ಣ ಲಾರಿ ಹತ್ತಿದವನು ಒಂದು ಲೋಡ್ ಇಳಿಸಿ ಇನ್ನೊಂದು ತುಂಬಿಸಿಕೊಂಡು ಹೋಗುತ್ತಲೇ ಇದ್ದಾನೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗಲೇಬೇಕು. ಅತ್ತಿಗೆಯನ್ನು ಒಬ್ಬರನ್ನೇ ಬಿಡಬೇಡಿ ಅಂದಿದ್ದಾರೆ ನರ್ಸ್. ಉಳಿದವನು ನಾನು. ಟೈರ್ ಅಂಗಡಿಯಲ್ಲಿ ನಿಲ್ಲಲಾರದೆ ಬಿಟ್ಟುಬಂದವನು. ಅತ್ತಿಗೆ ಮದುವೆಯಾಗಿ ಬಂದ ವಾರದಲ್ಲೇ ನನಗೆ ಬುಗುರಿ ಅಂತ ಹೆಸರಿಟ್ಟಿದ್ದರು. ಬುಗುರಿಯನ್ನು ಮನೆ ಕಾಯೋಕೆ ಕೂರಿಸಿದ್ದಾರೆ!

ಅದಕ್ಕೇ ಈ ಆಟ. ಅವರು ಹೇಳಬೇಕು, ನಾನು ಹುಡುಕಿ ಫೋಟೋ ತರಬೇಕು. ಗಡಿ ಒಂದೇ. ಅವರು ಸ್ಟೀಲ್ ಲೋಟದಿಂದ ಕಿಟಕಿ ಸರಳಿಗೆ ಹೊಡೆದರೆ ನನಗೆ ಕೇಳಿಸಬೇಕು. ಕೇಳಿಸಿದರೆ ಕೈಗೆ ಸಿಕ್ಕಿದ್ದಕ್ಕೆ, ಕಂಬವೋ ಷಟರೋ ಗೇಟೋ, ಎರಡು ಸಲ ಬಡಿಯಬೇಕು. ಕೇಳಿಸ್ತು, ಬಂದೆ ಅಂತ ಅರ್ಥ. ಅಳತೆ ಮಾಡಿ ನೋಡಿದ್ದೇನೆ. ತಿರುವಿನಲ್ಲಿರುವ ಬಡಗಿ ಅಂಗಡಿವರೆಗೆ ಕೇಳುತ್ತೆ. ಅದರಾಚೆ ಇಲ್ಲ.

ಫೆಬ್ರವರಿ 11

ಕಾಲು ತುರಿಸುತ್ತಿದೆ. ಹುಡುಗರೆಲ್ಲ ಬೈಕ್ ತೆಗೆದುಕೊಂಡು ಎಲ್ಲೋ ಹೋಗಿದ್ದಾರೆ. ಫೋನ್ ಮಾಡಿ ಗಾಳಿ ಸದ್ದು ಕೇಳಿಸಿದರು, ಕತ್ತೆಗಳು.

ಇವತ್ತಿನದು ಹಸಿರು ಬಾಗಿಲು. ಎದುರುಮನೆಯದೇ ಹಸಿರು. ಕಣ್ಣಿಗೆ ಹೊಡೆಯುವ ಹಸಿರು. ಸುಮ್ಮನೆ ಬೀದಿ ಸುತ್ತಿ ಬಂದು, ಸಿಗಲಿಲ್ಲ ಅತ್ತಿಗೆ, ಸೋತೆ ಅಂದೆ. ಸೋತರೆ ಅವರೇ ತೋರಿಸಬೇಕು ಅಂತ ಹೊಸ ರೂಲ್ಸೂ ಹಾಕಿದೆ.

ಹೊದಿಕೆ ಸರಿಸಿದರು. ಆಮೇಲೆ ಎದ್ದರು. ಗೋಡೆ ಹಿಡಿದುಕೊಂಡು ಕಿಟಕಿವರೆಗೆ ಬಂದರು.

"ಅಗೋ. ಕಣ್ಣನ್ನ ಯಾರಿಗಾದ್ರೂ ಬಾಡಿಗೆಗೆ ಕೊಟ್ಟಿದ್ಯೇನೋ?"

ಬೈಸಿಕೊಂಡೆ. ಖುಷಿಯಾಯಿತು. ಹಾಗೇ ಕಿಟಕಿಯಲ್ಲೇ ನಿಂತು ತಲೆ ಬಾಚಿಕೊಂಡರು. ಸಂಜೆ ಅಮ್ಮ ಬಂದು ಆ ಜಡೆ ನೋಡಿದಳು. ಅಡುಗೆಮನೆಗೆ ಹೋಗಿ ಒಲೆ ಹಚ್ಚದೇ ಒಲೆ ಮುಂದೆ ನಿಂತಿದ್ದಳು.

ನಾಳೆ ಹೊಸ್ತಿಲವರೆಗೆ ಕರೆಸಬೇಕು. ನಾಡಿದ್ದು ಗೇಟು.

ಫೆಬ್ರವರಿ 15

ಗೇಟಿನವರೆಗೆ ಬಂದಿದ್ದರು ನಿನ್ನೆ!

ಇವತ್ತು ಮೂರು ಕಾಲಿನದ್ದು ಏನಾದರೂ ಬೇಕು ಅಂದರು. ಕುಂಟು ನಾಯಿ ಒಂದಿತ್ತು, ಅದು ಫೋಟೋಗೆ ನಿಲ್ಲಲಿಲ್ಲ. ಬಡಗಿ ಅಂಗಡಿ ಮುಂದೆ ಕಾಲು ಮುರಿದ ಕುರ್ಚಿ ಕಂಡಿತು, ರಿಪೇರಿಗೆ ಬಂದಿದ್ದು. ಒಳ್ಳೇ ಬಿಸಿಲಿತ್ತು. ಫೋಟೋ ಚೆನ್ನಾಗಿ ಬಂತು.

ತೋರಿಸಿದೆ. ಭೇಷ್ ಅಂದರು. ಆಮೇಲೆ ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡಿದರು. ಕುರ್ಚಿಯದಲ್ಲ. ಅದರ ಹಿಂದಿನದು. ಇನ್ನೂ ದೊಡ್ಡದು ಮಾಡಿದರು.

ಕುರ್ಚಿ ಹಿಂದೆ ತೊಟ್ಟಿಲಿತ್ತು. ಹೊಸದು. ಪಕ್ಕದ ಕಂಬಿಯಲ್ಲಿ ಮರದ ಮಣಿಗಳು.

"ಮಣಿ ನಾನೇ ಹಾಕಿಸಿದ್ದು," ಅಂದರು. "ಮಲಗಿದಲ್ಲೇ ತಿರುಗಿಸಿಕೊಂಡು ಆಡ್ಲಿ ಅಂತ."

ಫೋನನ್ನು ಹಾಸಿಗೆ ಮೇಲೆ ಇಟ್ಟರು. ಗೋಡೆ ಕಡೆ ತಿರುಗಿದರು.

ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಕುರ್ಚಿಯ ಕಾಲು ನೋಡುತ್ತಿದ್ದೆ ನಾನು.

ಅದೇ ದಿನ, ಸಂಜೆ

ಅಣ್ಣನಿಗೆ ಫೋನ್ ಮಾಡಿ ಬೈದೆ. ಯಾಕೆ ಹೇಳಲಿಲ್ಲ, ಯಾಕೆ ಅದನ್ನು ಅಲ್ಲೇ ಬಿಟ್ಟಿದ್ದೀಯ ಅಂತ. ಅವನ ಕಡೆಯಿಂದ ಲಾರಿ ಇಂಜಿನ್ ಸದ್ದು ಅಷ್ಟೇ. ಆಮೇಲೆ ಇಂಜಿನ್ ಆಫ್ ಮಾಡಿದ.

"ಬೇಡ ಅನ್ನೋಕೆ ಎರಡು ಸಲ ಹೋಗಿದ್ದೆ ಕಣೋ. ಬಡಗಿ ಪಾಲಿಶ್ ಹಾಕ್ತಿದ್ರು. ಬಾಯೇ ಬರ್ಲಿಲ್ಲ."

ಅವನೂ ಫೋನ್ ಇಡಲಿಲ್ಲ, ನಾನೂ ಇಲ್ಲ.

ಫೆಬ್ರವರಿ 22

ಆಟ ಇಲ್ಲ. ಲೋಟ ಕಿಟಕಿ ಕಟ್ಟೆ ಮೇಲೆ ಬಿದ್ದಿದೆ. ತಟ್ಟೆ ಹೇಗೆ ಹೋಗುತ್ತೋ ಹಾಗೇ ವಾಪಸ್ ಬರುತ್ತೆ. ಜಡೆ ಬಿಚ್ಚಿಲ್ಲ, ಬಾಚಿಯೂ ಇಲ್ಲ. ಅವತ್ತಿನದೇ.

ಬಡಗಿ ಅಂಗಡಿಗೆ ಹೋದೆ. ತೊಟ್ಟಿಲನ್ನು ಒಳಗೆ ಎಲ್ಲಾದರೂ ಇಡಿ ಅಂತ ಕೇಳಿಕೊಂಡೆ. ಬಡಗಿ ಒಳಗೆ ಕಾಲಿಡೋಕೂ ಜಾಗ ಇಲ್ಲ ಅಂದರು, ಆದರೆ ಬೇರೆಯವರು ಕೇಳಿದರೂ ಕೊಟ್ಟಿಲ್ಲ ಅಂದರು. "ಹೇಳಿ ಮಾಡಿಸಿದ್ದನ್ನ ಇನ್ನೊಬ್ಬರಿಗೆ ಕೊಡೋಕೆ ಕೈ ಬರಲ್ಲ ತಮ್ಮಾ." ಒಂದು ಗೋಣಿ ತಾಟು ತಂದುಕೊಟ್ಟರು, ನಾನೇ ಹೊದಿಸಿದೆ.

ಗೋಣಿ ಹೊದಿಸಿದರೂ ತೊಟ್ಟಿಲ ಹಾಗೇ ಕಾಣುತ್ತೆ. ಬರುವಾಗ ಕೈ ತಗುಲಿತು. ಸದ್ದೇ ಇಲ್ಲದೆ ತೂಗಿತು. ಅಷ್ಟು ಚೆನ್ನಾಗಿ ಮಾಡಿದ್ದಾರೆ.

ಫೆಬ್ರವರಿ 27, ಬೆಳಿಗ್ಗೆ

ಕಾಫಿ ಕೊಡೋಕೆ ಹೋದರೆ ಅತ್ತಿಗೆ ಎದ್ದು ಕೂತಿದ್ದರು. ಬೇರೆ ಸೀರೆ.

"ಇವತ್ತು ನಾನು ಹುಡುಕ್ತೀನಿ. ನೀನು ಹೇಳು."

ತಲೆ ಓಡಲಿಲ್ಲ. ಕೆಂಪು ಬಕೆಟ್ಟು ಅಂದೆ.

"ಸುಲಭದ್ದು ಬೇಡ ಬುಗುರಿ. ನೀನು ಮುಚ್ಚಿ ಬಂದಿದ್ಯಲ್ಲ, ಅದನ್ನ ಹೇಳು. ನಿನ್ನ ಅಂಗಿ ತುಂಬ ಗೋಣಿ ನಾರಿತ್ತು ಅವತ್ತು."

ನೆಲ ನೋಡಿದೆ. ಬೇಡ ಅತ್ತಿಗೆ ಅಂದೆ. ಅವರು ಕಾಯುತ್ತಲೇ ಇದ್ದರು. ಕಾಫಿ ಮೇಲೆ ಕೆನೆ ಕಟ್ಟಿತು.

"ಮಣಿ ಇರೋದು," ಅಂದೆ.

ಫೋನ್ ತೆಗೆದುಕೊಂಡರು. ಚಪ್ಪಲಿ ಹುಡುಕಿದರು, ಅದರ ಮೇಲೆ ಧೂಳು ಕೂತಿತ್ತು, ಒಂದಕ್ಕೊಂದು ಬಡಿದು ಹಾಕಿಕೊಂಡರು. ನಾನೂ ಹೊರಟೆ. ಕೈ ಅಡ್ಡ ಹಿಡಿದರು. ಕಿಟಕಿಯಿಂದ ಲೋಟ ತಂದು ನನ್ನ ಕೈಗಿಟ್ಟರು.

"ನೀನು ಇಲ್ಲೇ ಇರ್ಬೇಕು. ತಡೆಯೋಕಾಗ್ಲಿಲ್ಲ ಅಂದ್ರೆ ಹೊಡಿ."

ಗೇಟು ದಾಟಿದರು. ಎದುರುಮನೆ ಹಸಿರು ಬಾಗಿಲು ದಾಟಿದರು. ಸ್ಕೂಟರ್ ಹತ್ತಿರ ನಿಂತರು, ಸೀಟು ಹಿಡಿದುಕೊಂಡು. ಮತ್ತೆ ನಡೆದರು. ತಿರುವಿನಲ್ಲಿ ಕಾಣದಾದರು.

ಅದೇ ಬೆಳಿಗ್ಗೆ

ಇನ್ನೂ ಬಂದಿಲ್ಲ. ಅಕ್ಷರವೆಲ್ಲ ಸೊಟ್ಟ. ಒಂದು ಕಡೆ ಕೂರುವುದು ಇಷ್ಟು ಕಷ್ಟ ಅಂತ... ಇಷ್ಟು ದಿನ ಅವರು ಹೀಗೇ ಕೂತಿದ್ದರಾ?

ಹೊಡೆಯಬಾರದು ಅಂತಿದ್ದೆ. ಅವರಿಗೆ ಬೇಕಾದಷ್ಟು ಹೊತ್ತು ಇರಲಿ ಅಂತ. ಆದರೆ ಅಲ್ಲಿ ಬಿದ್ದುಗಿದ್ದರೆ? ಅಂಗಡಿ ಬಾಗಿಲು ಹಾಕಿದ್ದರೆ? ಬಡಗಿ ಏನಾದರೂ ಅಂದುಬಿಟ್ಟರೆ?

ಹೊಡೆದೆ. ಒಂದೇ ಸಲ. ಮೆತ್ತಗೆ.

ಏನೂ ಇಲ್ಲ.

ಜೋರಾಗಿ ಹೊಡೆದೆ. ಎದುರುಮನೆಯವರು ಇಣುಕಿ ನೋಡಿದರು. ನೋಡಲಿ.

ಈಗ ಕೇಳಿಸಿತು. ದೂರದಿಂದ. ಟಕ್, ಟಕ್. ಎರಡು ಸಲ.

ಕಂಬದ ಸದ್ದಲ್ಲ ಅದು. ಷಟರ್ ಸದ್ದೂ ಅಲ್ಲ, ಅವೆಲ್ಲ ನನಗೆ ಗೊತ್ತು. ಇದು ಮರ. ಹೊಸ ಮರ. ಹೊಡೆದ ಮೇಲೆ ಹಿಂದೆಯೇ ಇನ್ನೊಂದು ಸಣ್ಣ ಸದ್ದು, ಮಣಿಗಳು ಒಂದಕ್ಕೊಂದು ತಾಗಿದ ಹಾಗೆ, ಇಷ್ಟು ದೂರ ಅದು ಕೇಳಿಸೋಕೆ ಸಾಧ್ಯವಿಲ್ಲ, ಆದರೂ ನನಗೆ ಕೇಳಿಸಿತು.