ಕಪ್ಪತಗುಡ್ಡದಿಂದ ಕರೆತಂದವಳು

ಮುಂಡರಗಿ, ಮಾರ್ಗಶಿರ ಸೋಮವಾರ, ೧೯೫೬

ಗೆಳತಿ ಹನಮಂತವ್ವ,

ನೀನೆಲ್ಲಿದ್ದೀಯೋ ತಿಳಿಯದು, ಈ ಪತ್ರ ಕಳಿಸಲು ವಿಳಾಸವಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಒಬ್ಬಳೇ, ಬರಿಗಾಲಲ್ಲಿ ಕಪ್ಪತಗುಡ್ಡ ಹತ್ತಿ ಮಲ್ಲಯ್ಯನ ದರ್ಶನ ಮಾಡಿದೆ. ಮಂಜಿನಲ್ಲಿ ನನ್ನ ಪಾದವೇ ನನಗೆ ಕಾಣುತ್ತಿರಲಿಲ್ಲ. ಕಲ್ಲುಗಳು ಚಳಿಗೆ ಕೊರೆಯುತ್ತಿದ್ದವು. ಇಳಿಯುವಾಗ ದಾರಿಯಲ್ಲಿ ಒಬ್ಬ ಮುದುಕಿ ಕಾಲು ಉಳುಕಿ ಕೂತಿದ್ದಳು. ಕೊಪ್ಪಳದ ಕಡೆಯವಳು. ಜೊತೆಯವರು ಮಂಜಿನಲ್ಲಿ ತಪ್ಪಿಹೋಗಿದ್ದರು.

"ಏಳ್ರಿ, ನನ್ನ ಹೆಗಲ ಹಿಡೀರಿ," ಎಂದೆ.

"ಬ್ಯಾಡವ್ವಾ, ನೀವು ಮಡಿಯವ್ರು. ಮನ್ಯಾಗ ಬೈತಾರ."

"ಬೈಲಿ ಬಿಡ್ರಿ," ಎಂದು ತೋಳು ಹಿಡಿದು ಎಬ್ಬಿಸಿದೆ. ಗುಡ್ಡದ ಬುಡದ ಡೋಣಿ ಊರಿನವರೆಗೆ ನಡೆಸಿ, ಅಲ್ಲಿಂದ ಚಕ್ಕಡಿಯಲ್ಲಿ ನಮ್ಮ ಮನೆಗೇ ಕರೆತಂದೆ.

ಅತ್ತೆ ತಾರಾಬಾಯಿ ಬಾಗಿಲಿಗೆ ಅಡ್ಡ ನಿಂತರು. "ಯಾರಿಕಿ? ಯಾವ ಮಂದಿ?"

"ಕಾಲು ನೆಟ್ಟಗಾಗೂ ತನಕ ಇಲ್ಲೇ ಇರ್ತಾರ, ಅತ್ಯಾ. ಒಳಗ ಮಲಗ್ತಾರ."

ಅತ್ತೆ ನನ್ನನ್ನೇ ನೋಡಿದರು, ಆಮೇಲೆ ದಾರಿ ಬಿಟ್ಟರು. ಅವತ್ತೂ ಇಷ್ಟೇ ಸಾಕಾಗಿತ್ತು, ಹನಮಂತವ್ವ.

ಎಂಟು ವರ್ಷದ ಹಿಂದೆ, ರಜಾಕಾರರ ಹಾವಳಿಗೆ ಕೊಪ್ಪಳದ ಕಡೆಯಿಂದ ಗಡಿ ದಾಟಿ ನೀನು ಕೂಸನ್ನು ಎತ್ತಿಕೊಂಡು ಇದೇ ಬಾಗಿಲಿಗೆ ಬಂದಿದ್ದೆ. ಅತ್ತೆ ಹೀಗೇ ನಿಂತಿದ್ದರು. ನಾನು ಅವರ ಬೆನ್ನ ಹಿಂದಿದ್ದೆ. ನೀನು "ಆತು, ಬರ್ತೀನಿ" ಎಂದು ನನಗೆ ಹೇಳಿದೆ, ಅವರಿಗಲ್ಲ.

ಹೋದ ತಿಂಗಳು ರಾಜ್ಯ ಒಂದಾಯಿತು, ಆ ಗಡಿ ಈಗಿಲ್ಲ. ಮುದುಕಿಯ ಕಾಲು ವಾಸಿಯಾದ ಮೇಲೆ ನಾನೇ ಅವಳನ್ನು ಊರಿಗೆ ಮುಟ್ಟಿಸುತ್ತೇನೆ. ಆ ಕಡೆಯ ಪ್ರತಿ ಊರಲ್ಲೂ ನಿನ್ನ ಹೆಸರು ಹೇಳಿ ಕೇಳುತ್ತೇನೆ.

ಸುಂದರಾ