ಸೋಪಿನ ನೀರಿನಲ್ಲಿ ಐದು ನಾಣ್ಯ

ಕನ್ನಡಕದ ಅಂಗಡಿ, ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲು
ಜನವರಿ ೮, ಗುರುವಾರ

ಮನೆಯವರಿಗೆ,

‘ಪ್ರೀತಿಯ’ ಎಂದು ಮೊದಲು ಬರೆದು ಆಮೇಲೆ ಗೀಟು ಎಳೆದಿದ್ದೇನೆ. ಗೀಟು ನಿಮಗೆ ಕಾಣಲಿ ಎಂದೇ ಹಾಳೆ ಬದಲಾಯಿಸಲಿಲ್ಲ. ಆರೋಗ್ಯ ಹೇಗಿದೆ? ಬಿ.ಪಿ. ಮಾತ್ರೆಯನ್ನು ಇಲ್ಲೇ ಬಿಟ್ಟು ಹೋಗಿದ್ದೀರಿ. ಅಲ್ಲಿ ಹೊಸದು ಕೊಂಡಿರಾ, ಅಥವಾ ಮಾತ್ರೆಯ ಮೇಲೂ ಮುನಿಸೇ? ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಅತ್ತಿಗೆಯ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಕೋಪದಲ್ಲಿ ಧಡಧಡ ಇಳಿಯಬೇಡಿ. ಕೇಳಬೇಕಾದದ್ದು ಕೇಳಿ ಆಯಿತು. ಇನ್ನು ಮುಂದೆ ಬರೆಯುವುದೆಲ್ಲ ನನ್ನ ಸಿಟ್ಟು. ಫೋನಿನಲ್ಲೇ ಮುಗಿಸುತ್ತಿದ್ದೆ, ಆದರೆ ನೀವು ಎತ್ತುವುದಿಲ್ಲ. ನಿಮ್ಮ ಅಕ್ಕ ಎತ್ತಿ ‘ಮಲಗಿದ್ದಾನಮ್ಮ’ ಎನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಮಲಗಿದ್ದಾನೆ, ಸಂಜೆ ಮಾಡಿದರೂ ಮಲಗಿದ್ದಾನೆ. ಆಗಲಿ, ಕಾಗದವಾದರೆ ಮಲಗಿಕೊಂಡೇ ಓದಬಹುದು.

ಅಂಗಡಿಯನ್ನು ನಾನೇ ತೆರೆಯುತ್ತಿದ್ದೇನೆ. ಬಂದವರೆಲ್ಲ ‘ಯಜಮಾನರು ಎಲ್ಲಿ?’ ಎಂದು ಕೇಳುತ್ತಾರೆ. ‘ಅಕ್ಕನಿಗೆ ಹುಷಾರಿಲ್ಲ’ ಎಂದು ಹೇಳಿ ಹೇಳಿ ಗಟ್ಟಿಮುಟ್ಟಾಗಿರುವ ನಿಮ್ಮ ಅಕ್ಕನನ್ನು ನಾನು ಹಾಸಿಗೆ ಹಿಡಿಸಿಬಿಟ್ಟಿದ್ದೇನೆ. ಪೋಸ್ಟ್‌ಮ್ಯಾನ್ ಕನ್ನಡಕದ ಕಾಲು ಕೂರಿಸಿಕೊಟ್ಟೆ. ಕಣ್ಣು ಪರೀಕ್ಷೆಗೆ ಬಂದವರನ್ನು ಮಾತ್ರ ವಾಪಸ್ ಕಳಿಸುತ್ತಿದ್ದೇನೆ. ಊರಿನವರ ಕಣ್ಣಿನ ದೋಷವನ್ನೆಲ್ಲ ಕಂಡುಹಿಡಿಯುವವರು ನೀವು, ದೀಪದ ಬುಡದಲ್ಲೇ ಕತ್ತಲೆ. ಅದರ ಮಾತು ಆಮೇಲೆ.

ನೀವು ಕೂಡಿಸುವ ಹಳೇ ನಾಣ್ಯಗಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಅಕ್ಕನ ಹತ್ತಿರ ಹೇಳಿದಿರಂತೆ. ಹೊಟ್ಟೆಕಿಚ್ಚೇ? ಕಳೆದ ವರ್ಷ ನೀವು ಮನೆಗೆ ತಂದು ಮೆಚ್ಚಿದ ಐದನ್ನೂ ನಾನು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಕೇಳಿ. ಮೊದಲು ಬಂದವಳು ಮೂಗಿಲ್ಲದ ರಾಣಿ. ಪಾರ್ಸೆಲ್‌ನಲ್ಲಿ ಒಂದು ಕಾಲುಚೀಲದೊಳಗೆ ಸುತ್ತಿ ಕಳಿಸಿದ್ದರು. ಯಾರದೋ ಕಾಲುಚೀಲ ಎಂದು ನಾನು ಒಗೆಯುವ ಬಟ್ಟೆಗೆ ಹಾಕಿಬಿಟ್ಟಿದ್ದೆ, ನೀವು ಬಕೆಟ್ಟಿನ ಮುಂದೆ ಕೂತು ಒಂದೊಂದೇ ಬಟ್ಟೆ ಕೊಡವಿ ಹುಡುಕಿದಿರಿ. ಅವತ್ತು ಇಬ್ಬರೂ ಎಷ್ಟು ನಕ್ಕೆವು! ಆಮೇಲೆ ಹಡಗು ಬಂತು, ಹಳೇ ಗಡಿಯಾರದ ಅಂಗಡಿಯಿಂದ. ಅದನ್ನು ನೋಡುತ್ತಾ ನಿಂತು ಮಗಳನ್ನು ಸ್ಟೇಷನ್ನಿನಿಂದ ಕರೆತರುವುದನ್ನೇ ಮರೆತಿರಿ. ಅವಳು ಸೂಟ್‌ಕೇಸ್ ಎಳೆದುಕೊಂಡು ನಡೆದೇ ಬಂದಳು. ಮೂರನೆಯದು ಗೂಬೆ. ಬೆಳ್ಳಿಯದು, ದುಂಡು ಕಣ್ಣಿನದು, ನನ್ನನ್ನು ಕಂಡರೆ ನಿಮ್ಮ ಅಕ್ಕ ನೋಡುವ ಹಾಗೇ ನೋಡುತ್ತದೆ. ನಾಲ್ಕನೆಯದು ಮೀನಿನ ಹುರುಪೆಯಷ್ಟು ಚಿಕ್ಕದು. ಅದು ಒಲೆಯ ಕೆಳಗೆ ಹಾರಿದಾಗ ನೆಲಕ್ಕೆ ಕೆನ್ನೆ ಒತ್ತಿ ಟಾರ್ಚ್ ಹಿಡಿದವಳು ಯಾರು? ಹೊಟ್ಟೆಕಿಚ್ಚಿನವಳೇ.

ಐದನೆಯದು ಹಸಿರು ಕುದುರೆ. ಅಂಗಿ ಜೇಬಿನಲ್ಲೇ ಅಂಗಡಿ ಇಟ್ಟುಕೊಂಡು ಓಡಾಡುತ್ತಾನಲ್ಲ, ಆ ಜೇಬಿನ ಮನುಷ್ಯನಿಂದ ಕೊಂಡದ್ದು. ಅದು ಬಂದ ಮೇಲೆ ಉಳಿದ ನಾಲ್ಕು ಮಲತಾಯಿ ಮಕ್ಕಳಾದವು. ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ಕುದುರೆ, ಮಲಗಿದರೆ ದಿಂಬಿನ ಪಕ್ಕದಲ್ಲಿ ಕುದುರೆ. ‘ಈ ಹಸಿರು ನೋಡೇ, ಎರಡು ಸಾವಿರ ವರ್ಷ ಮಣ್ಣೊಳಗೆ ಮಲಗಿದ್ರೆ ಮಾತ್ರ ಬರೋದು’ ಎಂದು ನನಗೆ ಹೇಳಿದಿರಿ, ಹಾಲಿನವನಿಗೂ ಹೇಳಿದಿರಿ. ನಿಮ್ಮ ಖುಷಿ ನೋಡಿ ನನಗೂ ಖುಷಿಯಾಗಿತ್ತು. ಅದನ್ನು ಸುಳ್ಳು ಎನ್ನಬೇಡಿ.

ಇನ್ನು ನಿಮ್ಮ ನಾಣ್ಯ ಸಂಘ. ವರ್ಷದ ಕೊನೆಯಲ್ಲಿ ಒಬ್ಬರ ಮನೆಯಲ್ಲಿ ಸೇರುವುದು, ಆ ಮನೆಯವರು ವರ್ಷದ ಮೆಚ್ಚಿನ ನಾಣ್ಯಗಳನ್ನು ಕಪ್ಪು ಬಟ್ಟೆಯ ಮೇಲೆ ಇಡುವುದು, ಉಳಿದವರು ಲೆನ್ಸ್ ಹಿಡಿದು ನೋಡುವುದು. ಹಿಂದಿನ ಸಲ ಬ್ಯಾಂಕಿನ ಕ್ಯಾಷಿಯರ್ ಮನೆಯಲ್ಲಿ ಏನಾಯಿತು ಎಂದು ನೀವೇ ಬಂದು ಹೇಳಿದ್ದಿರಿ. ನಿಮ್ಮ ಅಧ್ಯಕ್ಷರು, ಆ ಹಲ್ಲಿನ ಡಾಕ್ಟರು, ಕ್ಯಾಷಿಯರ್ ಅವರ ನಾಣ್ಯವನ್ನು ಹುಳುಕು ಹಲ್ಲಿನ ಹಾಗೆ ಎತ್ತಿ ಹಿಡಿದು, ‘ಸ್ವಾಮೀ, ಇದು ವಯಸ್ಸಿನಲ್ಲಿ ನಿಮಗಿಂತ ಚಿಕ್ಕದು’ ಎಂದರಂತೆ. ಎಲ್ಲರೂ ನಕ್ಕರಂತೆ. ನೀವೂ ನಕ್ಕಿರಿ. ಕ್ಯಾಷಿಯರ್ ಆಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ, ನಮ್ಮ ಅಂಗಡಿ ಕಂಡರೆ ಆಚೆ ಬದಿಗೆ ದಾಟಿ ಹೋಗುತ್ತಾರೆ. ಆ ಮನುಷ್ಯನ ನೆನಪು ನನಗೆ ಆಗಾಗ ಬರುತ್ತಿತ್ತು.

ಈ ಸಲ ಸರದಿ ನಮ್ಮದು. ಕುರ್ಚಿ ಸಾಲದೆ ಅಂಗಡಿಯ ಸ್ಟೂಲುಗಳನ್ನೂ ಮೇಲಿನ ಮನೆಗೆ ಹೊತ್ತು ತಂದೆ. ನೀವು ಅಂಗಿ ಬದಲಾಯಿಸಿ ಕೆಳಗೆ ಇಳಿದು ಅವರನ್ನು ಕರೆದುಕೊಂಡು ಬಂದಿರಿ. ಬಾಗಿಲಲ್ಲಿ ನೀವೆಲ್ಲ ಕಂಡದ್ದು ಇಷ್ಟು: ಮೇಜಿನ ಮೇಲೆ ಬೋಗುಣಿ, ಬೋಗುಣಿ ತುಂಬ ಸೋಪಿನ ನೊರೆ, ನೊರೆಯಡಿ ಐದು ನಾಣ್ಯ, ಪಕ್ಕದಲ್ಲಿ ಹಲ್ಲುಜ್ಜುವ ಹಳೇ ಬ್ರಷ್. ಡಾಕ್ಟರು ‘ಅಯ್ಯೋ, ಮುಗೀತು, ತಿಕ್ಕಿದ ನಾಣ್ಯಕ್ಕೆ ಮೂರು ಕಾಸಿನ ಬೆಲೆಯಿಲ್ಲ’ ಎಂದು ಲೆನ್ಸನ್ನು ಜೇಬಿಗೆ ಇಳಿಸಿದರು. ಒಬ್ಬರು ಹೆಣ ಕಂಡವರಂತೆ ಚಪ್ಪಲಿ ಹುಡುಕಿದರು. ನಾನು ಬಾಯಿ ತೆರೆಯುವ ಮೊದಲೇ ನೀವು ಅಷ್ಟು ಜನರ ಮುಂದೆ ಕಿರುಚಿದಿರಿ: ‘ಪಾಲಿಶ್ ಅಂಗಡಿಯವನ ಮಗಳು ತಾನೇ! ಕಂಡಿದ್ದನ್ನೆಲ್ಲ ತಿಕ್ಕೋದು ಬಿಟ್ರೆ ಇವಳಿಗೆ ಇನ್ನೇನು ಗೊತ್ತು!’

ಆ ಮಾತು ಹನ್ನೊಂದು ದಿನದಿಂದ ಎದೆಯಲ್ಲಿ ಕೂತಿದೆ. ಹೌದು, ನನ್ನಪ್ಪ ನಲ್ಲಿ, ಬಾಗಿಲ ಹಿಡಿಕೆ, ಆಟದಲ್ಲಿ ಗೆದ್ದ ಕಪ್‌ಗಳಿಗೆ ಪಾಲಿಶ್ ಹಾಕಿಯೇ ನನ್ನನ್ನು ಸಾಕಿದ್ದು. ಅವರ ಉಗುರಿನ ಕಪ್ಪು ಸಾಯುವವರೆಗೂ ಹೋಗಲಿಲ್ಲ. ಈ ಅಂಗಡಿಯ ಹಿತ್ತಾಳೆ ಬೋರ್ಡು ಇವತ್ತಿಗೂ ಹೊಳೆಯುತ್ತಿರುವುದು ಆ ಕೈಯ ಕೆಲಸ. ಅವರನ್ನು ಬೈಯಲು ನಿಮಗೆ ಬಾಯಾದರೂ ಹೇಗೆ ಬಂತು?

ಅದಕ್ಕಿಂತ ದೊಡ್ಡ ಸಿಟ್ಟು ಇನ್ನೊಂದಿದೆ. ಮದುವೆಯಾದಾಗಿನಿಂದ ನಿಮ್ಮ ನಾಣ್ಯವನ್ನು ನಾನು ಒದ್ದೆ ಕೈಯಲ್ಲಿ ಮುಟ್ಟಿದವಳಲ್ಲ. ಧೂಳು ಹೊಡೆಯುವಾಗಲೂ ಉಸಿರು ಬಿಗಿಹಿಡಿಯುತ್ತೇನೆ. ಅಂಥವಳು ಅತಿಥಿಗಳು ಮೆಟ್ಟಿಲು ಹತ್ತುವ ಹೊತ್ತಿಗೆ ಐದನ್ನೂ ಸೋಪಿಗೆ ಅದ್ದಿದಳು ಎಂದರೆ, ಏನೋ ಇರಬೇಕು ಎಂದು ನಿಮಗೆ ಅನ್ನಿಸಲಿಲ್ಲವೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನೀವು. ಬೋಗುಣಿಯಿಂದ ಒಂದನ್ನಾದರೂ ಎತ್ತಿ ನೋಡಲಿಲ್ಲ. ‘ಯಾಕೇ ಹೀಗೆ ಮಾಡಿದೆ?’ ಎಂದು ಒಂದು ಮಾತು ಕೇಳಲಿಲ್ಲ. ‘ಅವನ್ನ ನನ್ನ ಕಣ್ಣಿಗೆ ತೋರಿಸ್ಬೇಡ’ ಎಂದು ಚೀಲಕ್ಕೆ ಎರಡು ಅಂಗಿ ತುರುಕಿ ಹೊರಟೇಬಿಟ್ಟಿರಿ. ಬೆಳ್ಳಿ ಗೂಬೆ ಬೋಗುಣಿಯಲ್ಲಿತ್ತು, ಇನ್ನೊಂದನ್ನು ನನ್ನ ತಲೆಯ ಮೇಲೆ ಕೂರಿಸಿ ಹೋದಿರಿ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ? ನಿಮ್ಮ ರಾಣಿಯನ್ನೇ ಕೇಳಿ.

ಆವತ್ತು ಬೀದಿಯ ತಿರುವಿನವರೆಗೆ ನಿಮ್ಮ ಹಿಂದೆ ಓಡಿ ಬಂದು ಎಲ್ಲ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನನಗೂ ಹಟವಿದೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಅವರು ಮಾಡಿ ಹಾಕುವಷ್ಟು ದಿನ ಉಂಡು ಬನ್ನಿ ಎಂದು ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಾತ್ರೆ ಇದರ ಜೊತೆಗೇ ಕಳಿಸುತ್ತಿದ್ದೇನೆ, ರಾತ್ರಿ ಊಟ ಆದ ಮೇಲೆ ತಪ್ಪದೆ ನುಂಗಿ.

ಇಂತಿ,
ಪಾಲಿಶ್ ಅಂಗಡಿಯವನ ಮಗಳು

ತಾ.ಕ.: ಇದನ್ನು ಬರೆಯಬಾರದು, ನೀವಾಗಿಯೇ ಬಂದು ನಾಣ್ಯದ ಡಬ್ಬಿ ತೆರೆದು ನೋಡಬೇಕು ಎಂದುಕೊಂಡಿದ್ದೆ. ಆದರೆ ಕವರಿಗೆ ಅಂಟು ಹಚ್ಚುವಾಗ ಹಲ್ಲಿನ ಡಾಕ್ಟರು ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಬಂದರು. ‘ಪಾಪ, ನೀವಾದ್ರೂ ಏನ್ಮಾಡ್ತೀರಿ, ಗೊತ್ತಿಲ್ದೆ ಆಗಿದ್ದು’ ಎಂದು ನನಗೆ ಸಮಾಧಾನ ಹೇಳಿದರು. ಸಿಟ್ಟು ನೆತ್ತಿಗೇರಿತು. ಅದಕ್ಕೇ ಈಗ ಬರೆಯುತ್ತೇನೆ, ಕೂತುಕೊಂಡು ಓದಿ. ಅವತ್ತು ಮೇಜು ಒರೆಸುವಾಗ ಒದ್ದೆ ಬಟ್ಟೆಯ ಅಂಚು ನಿಮ್ಮ ಕುದುರೆಗೆ ತಗುಲಿತು. ಬಟ್ಟೆಗೆ ಹಸಿರು ಹತ್ತಿತು. ಮೂಸಿ ನೋಡಿದೆ, ಬಣ್ಣ ಮತ್ತು ಮೇಣ. ಹೊಸ ಹಿಡಿಕೆ ತಂದು ‘ಹಳೇದರ ಥರ ಮಾಡಿಕೊಡಿ’ ಎನ್ನುವವರಿಗೆ ಅಪ್ಪ ಹಚ್ಚಿಕೊಡುತ್ತಿದ್ದದ್ದೇ. ಬಣ್ಣ ಹೋದ ಜಾಗದಲ್ಲಿ, ಅಂಚಿನ ಸುತ್ತ, ಎರಕದ ಗೆರೆ. ಇಂಥ ಹಳೇ ನಾಣ್ಯವನ್ನು ಎರಕ ಹೊಯ್ಯುತ್ತಿರಲಿಲ್ಲ, ಸುತ್ತಿಗೆಯಿಂದ ಹೊಡೆದು ಅಚ್ಚೊತ್ತುತ್ತಿದ್ದರು ಎಂದು ಹೇಳಿಕೊಟ್ಟವರು ನೀವೇ. ಕುದುರೆ ಖೋಟಾ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಡಾಕ್ಟರ ಕೆಮ್ಮು ಕೇಳಿಸಿತು, ಕ್ಯಾಷಿಯರ್ ಮುಖ ಕಣ್ಣ ಮುಂದೆ ಬಂತು. ಐದನ್ನೂ ಬೋಗುಣಿಗೆ ಹಾಕಿ, ನೊರೆ ಎಬ್ಬಿಸಿ, ಬ್ರಷ್ ಪಕ್ಕಕ್ಕಿಟ್ಟೆ. ಹಾಳಾದ ನಾಣ್ಯಕ್ಕೆ ಯಾರೂ ಲೆನ್ಸ್ ಹಿಡಿಯುವುದಿಲ್ಲ ಎಂದುಕೊಂಡೆ, ಹಿಡಿಯಲೂ ಇಲ್ಲ. ಉಳಿದ ನಾಲ್ಕಕ್ಕೆ ಏನೂ ಆಗಿಲ್ಲ, ಒರೆಸಿ ಹತ್ತಿಯಲ್ಲಿ ಇಟ್ಟಿದ್ದೇನೆ. ನಿಜವಾದ ಹಳೇ ಬಣ್ಣ ಸೋಪಿನ ನೀರಿಗೆ ಹೋಗುವುದಿಲ್ಲ. ಬ್ರಷ್ ಒಣಗಿಯೇ ಇತ್ತು, ಮುಟ್ಟಿದ್ದರೆ ತಿಳಿಯುತ್ತಿತ್ತು.

ಕುದುರೆಯ ವಿಷಯ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ನನ್ನನ್ನು ಅಂದದ್ದು ಅವರೆಲ್ಲರ ಮುಂದೆ. ಆ ಮಾತು ವಾಪಸ್ ತೆಗೆದುಕೊಳ್ಳಬೇಕಾದದ್ದೂ ಅವರೆಲ್ಲರ ಮುಂದೆಯೇ. ಭಾನುವಾರ ಸಂಜೆ ಎಲ್ಲರನ್ನೂ ಕರೆದುಕೊಂಡು ಬನ್ನಿ, ಲೆನ್ಸ್ ಮರೆಯಬೇಡಿ ಎಂದು ಡಾಕ್ಟರಿಗೆ ಹೇಳಿಬಿಟ್ಟಿದ್ದೇನೆ. ಈ ಕಾಗದ ನಾಳೆ ಕೈಸೇರುತ್ತದೆ, ಶನಿವಾರದ ಬಸ್ಸು ಹಿಡಿಯಿರಿ. ಕಪ್ಪು ಬಟ್ಟೆ ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಅದರ ಮೇಲೆ ನಾಲ್ಕು ಇಡುತ್ತೀರೋ ಐದು ಇಡುತ್ತೀರೋ, ನೀವೇ ನೋಡಿಕೊಳ್ಳಿ.