ಮೂರನೆಯ ಎಲೆ

ತಮ್ಮಾ,

ಆಶೀರ್ವಾದ ಎಂದು ಶುರು ಮಾಡಲು ಈ ಸಲ ಕೈ ಬರಲಿಲ್ಲ. ಅಮ್ಮ ಎದ್ದು ಕೂತಿದ್ದಾಳೆ, ಗಾಬರಿಯಾಗಬೇಡ.

ಅವಳ ಮಂಡಿನೋವಿಗೆ ಮೂವತ್ತು ವರ್ಷದಿಂದ ಹಿತ್ತಲ ಗಿಡದ ಎರಡೆಲೆಯ ಕಷಾಯ. ಮೂರು ತಿಂಗಳ ಹಿಂದೆ ನೀನು ನಾಲ್ಕು ಕುಂಡ ತಂದಿಟ್ಟು, "ಅದೇ ಗಿಡ ಕಣಕ್ಕಾ, ಇನ್ಮೇಲೆ ಇದ್ರಿಂದ್ಲೇ ಕಿತ್ಕೋ" ಅಂದೆ. ಹಾಗೇ ಮಾಡಿದೆ. ಮಂಗಳವಾರ ನೋವು ಜಾಸ್ತಿಯಾಯಿತೆಂದು ಮೂರನೆಯ ಎಲೆ ಹಾಕಿದೆ. ಮರುದಿನ ಸಂಜೆಯವರೆಗೂ ಅವಳು ಏಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು "ನಿಜ ಹೇಳಿ, ಏನು ಕೊಟ್ರಿ?" ಅಂತ ನನ್ನನ್ನೇ ಗದರಿದರು. ನೀನು ಸಿಗದೆ ನಿನ್ನ ಲ್ಯಾಬಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ, "ಅಯ್ಯೋ, ಆ ಗಿಡ ಹೊರಗೆ ಹೋಗೋ ಹಾಗೇ ಇಲ್ಲ! ಜೀನ್ ಬದಲಾಯಿಸಿದ್ದು, ನಿದ್ದೆ ಬರಿಸೋ ಆಲ್ಕಲಾಯ್ಡ್ ನಾಲ್ಕು ಪಟ್ಟು ಇದೆ" ಅಂದು ನಾಲಿಗೆ ಕಚ್ಚಿಕೊಂಡಳು.

ಗಿಡಗಳನ್ನು ಬೇರುಸಮೇತ ಕಿತ್ತು ಚೀಲದಲ್ಲಿ ಕಟ್ಟಿಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗು. ಎಲೆಯಲ್ಲಿ ಏನಿದೆ, ಎಷ್ಟಿದೆ ಅಂತ ಡಾಕ್ಟರಿಗೆ ಬರೆದು, ಸಹಿ ಹಾಕಿ ಕಳಿಸು.

ಕುಂಡ ತಂದಿಟ್ಟಾಗಿನಿಂದ ಪ್ರತಿ ಭಾನುವಾರ ನೀನು ಫೋನ್ ಮಾಡಿ, "ಅಮ್ಮ ಎಷ್ಟು ಹೊತ್ತು ಮಲಗಿದ್ಲು? ಬಾಯಿ ಒಣಗ್ತಿತ್ತಾ?" ಅಂತ ಕೇಳುತ್ತಿದ್ದೆಯಲ್ಲ, ಆಗೆಲ್ಲ ನಾನೇ ಅವಳಿಗೆ, "ನೋಡಮ್ಮಾ, ನಿನ್ನ ಮಗನಿಗೆ ನಿನ್ನದೇ ಚಿಂತೆ" ಅನ್ನುತ್ತಿದ್ದೆ. ಈಗ ಅವಳು ಅದನ್ನೇ ನರ್ಸುಗಳಿಗೆಲ್ಲ ಹೇಳುತ್ತಿದ್ದಾಳೆ. ನಾನು ತಿದ್ದಿಲ್ಲ.

ಈ ಭಾನುವಾರವೂ ಫೋನ್ ಮಾಡು, ಕಾಯುತ್ತಾಳೆ. ನಿದ್ದೆಯ ಮಾತು ಮಾತ್ರ ಎತ್ತಬೇಡ. ಅದನ್ನು ಬಿಟ್ಟರೆ ಅವಳ ಹತ್ತಿರ ಮಾತಾಡಲು ನಿನಗೆ ಇನ್ನೇನಿದೆಯೋ, ಪಕ್ಕದಲ್ಲೇ ಕೂತು ಕೇಳುತ್ತೇನೆ.

ನಿನ್ನ ಅಕ್ಕ